ನಮ್ಮ ಹಳೆಯ ಕಂಪ್ಯೂಟರ್‌ಗಳನ್ನು ಮತ್ತೆ ಲಾಗಿನ್ ಮಾಡಿಸಿಕೊಟ್ಟವರಿಗೆ

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಅಂದರೆ 1998ರಲ್ಲಿ, ಮಂಡಿಪೇಟೆಯ ಬಾಡಿಗೆ ಮಳಿಗೆಯೊಂದರಲ್ಲಿ ಆರಂಭವಾದ ನಮ್ಮ ಮುದ್ರಣಾಲಯವು ಈ ಸಲದ ಮದುವೆ ಹಂಗಾಮಿನಲ್ಲಿ ಹನ್ನೊಂದು ದಿನ ಹೆಚ್ಚುಕಡಿಮೆ ಕೈಕಟ್ಟಿ ಕುಳಿತಿದ್ದುದು ನಮ್ಮ ಗ್ರಾಹಕರಿಗೆಲ್ಲ ತಿಳಿದೇ ಇದೆ. ಆ ದಿನಗಳಲ್ಲಿ ಜೊತೆಗೆ ನಿಂತವರಿಗೆ ವಂದನೆ ಹೇಳುವುದು ನನ್ನ ಕರ್ತವ್ಯ. ಅವರು ಮಾಡಿದ ಕೆಲಸವೇನೆಂದು ಬಿಡಿಸಿ ಹೇಳದಿದ್ದರೆ ಆ ವಂದನೆ ಬರಿಯ ಉಪಚಾರವಾಗುತ್ತದೆ ಎಂಬ ಕಾರಣಕ್ಕೆ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಎಲ್ಲರ ಕಡತಗಳನ್ನೂ ಇಟ್ಟುಕೊಂಡಿದ್ದ ನಮ್ಮ ಹಳೆಯ ಸರ್ವರ್ ಏಳಲಿಲ್ಲ. ಕಡತಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಇದ್ದುದರಿಂದ ಕೆಲಸವೇನೂ ನಷ್ಟವಾಗಲಿಲ್ಲ, ಎರಡೇ ದಿನಗಳಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಯಂತ್ರಗಳೊಡನೆ ಕಡತ ಹಂಚಿಕೊಳ್ಳುವ ಸಾಂಬಾ ಎಂಬ ತಂತ್ರಾಂಶ ಹಾಕಿದ ಹೊಸ ಸರ್ವರ್ ಕೂಡ ಬಂತು. ಆದರೆ ನಮ್ಮ ನಾಲ್ಕು ಹಳೆಯ ಕಂಪ್ಯೂಟರ್‌ಗಳನ್ನು, ಎಂದರೆ ಮೂರು ವಿಂಡೋಸ್ ಎಕ್ಸ್‌ಪಿ ಹಾಗೂ ಒಂದು ವಿಂಡೋಸ್ 98 ಯಂತ್ರಗಳನ್ನು, ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸದನ್ನೇ ಕೊಳ್ಳಬಾರದೇಕೆ ಎಂದು ಹಲವರು ಕೇಳಿದರು. ಇಪ್ಪತ್ತೈದು ವರ್ಷಗಳ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಿಲ್‌ಬುಕ್ಕುಗಳೆಲ್ಲ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ, ಹಳೆಯ ಆಸ್ಕಿ ಅಕ್ಷರಗಳಲ್ಲಿ ಇವೆ. ಅವನ್ನು ಈಗಿನ ಯೂನಿಕೋಡ್ ಅಕ್ಷರಗಳಿಗೆ ಪರಿವರ್ತಿಸಿದರೆ ಪ್ರತಿ ಪುಟವನ್ನೂ ಮತ್ತೆ ಪ್ರೂಫ್ ನೋಡಬೇಕು. ಇನ್ನು ವಿಂಡೋಸ್ 98 ಯಂತ್ರದ ಪ್ಯಾರಲಲ್ ಪೋರ್ಟಿನಲ್ಲಿ ಕುಳಿತಿರುವ, ತಂತ್ರಾಂಶಕ್ಕೆ ಬೀಗದ ಕೈಯಂತಿರುವ ಡಾಂಗಲ್ ಬೇರೆಲ್ಲೂ ಕೆಲಸ ಮಾಡುವುದಿಲ್ಲ.

ಮೊದಲು ಬಂದ ತಂತ್ರಜ್ಞರೊಬ್ಬರು, ಪಾಸ್‌ವರ್ಡನ್ನೇ ತೆಗೆದು ಎಲ್ಲರಿಗೂ ಮುಕ್ತವಾಗಿಟ್ಟುಬಿಡಿ ಎಂದು ಹೇಳಿ ಹೋದರು. ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಅಚ್ಚು ಹಾಕುವ ನಮಗೆ ಅದು ಒಪ್ಪುವ ಮಾತಾಗಿರಲಿಲ್ಲ.

ನಮ್ಮ ಓಣಿಯ ಡಿಪ್ಲೊಮಾ ವಿದ್ಯಾರ್ಥಿಗೆ ನನ್ನ ಮೊದಲ ವಂದನೆ. ತನ್ನ ಪರೀಕ್ಷೆಯ ನಡುವೆಯೂ ಆತ ಆರು ಸಂಜೆಗಳನ್ನು ನಮ್ಮಲ್ಲಿ ಕಳೆದ. ಹಳೆಯ ಯಂತ್ರಗಳಿಗೆ ಬರುವುದು ಎಸ್‌ಎಂಬಿ 1 ಎಂಬ ಹಳೆಯ ಸಂವಹನ ವಿಧಾನ ಮಾತ್ರ, 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ವಾನಾಕ್ರೈ ಎಂಬ ಪಿಡುಗು ಹರಡಿದ್ದು ಅದೇ ದಾರಿಯಲ್ಲಿ, 2019ರಲ್ಲಿ ಬಂದ ಸಾಂಬಾ 4.11ರಿಂದ ಆ ಬಾಗಿಲು ಮೊದಲಿನಿಂದಲೇ ಮುಚ್ಚಿರುತ್ತದೆ ಎಂದು ಆತ ವಿವರಿಸಿದಾಗ, ದೋಷವಿರುವುದು ಹೊಸ ಸರ್ವರಿನಲ್ಲಲ್ಲ ಎಂಬುದು ನಮಗೆ ಅರ್ಥವಾಯಿತು. ಬಾಗಿಲನ್ನು ತೆರೆಯುವ ಮೊದಲು ಆತ ನಾಲ್ಕು ಹಳೆಯ ಯಂತ್ರಗಳನ್ನೂ ಸರ್ವರನ್ನೂ ಪ್ರತ್ಯೇಕ ಸ್ವಿಚ್ಚಿಗೆ ಕೂಡಿಸಿ, ಇಂಟರ್ನೆಟ್ಟಿಗೆ ದಾರಿಯೇ ಇರದಂತೆ ಮಾಡಿದ. ಈ ಎಚ್ಚರವನ್ನು ನಾನು ವಿಶೇಷವಾಗಿ ನೆನೆಯುತ್ತೇನೆ.

ಎಕ್ಸ್‌ಪಿ ಯಂತ್ರಗಳ ತಕರಾರು ಎರಡು ಬಗೆಯದಾಗಿತ್ತು. ಸುಮ್ಮನೆ ಬಿಟ್ಟರೆ ಅವು ಪಾಸ್‌ವರ್ಡಿನ ಗುರುತನ್ನು ದುರ್ಬಲವಾದ ಹಳೆಯ ರೂಪಗಳಲ್ಲಿ ಕಳುಹಿಸುತ್ತವೆ, ಸಾಂಬಾ ಅದನ್ನು ಒಪ್ಪುವುದಿಲ್ಲ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಅಂಕೆಯನ್ನು 3 ಎಂದು ಬದಲಿಸಿದ ಮೇಲೆ ಅವು ಹೆಚ್ಚು ಭದ್ರವಾದ ಎನ್‌ಟಿಎಲ್‌ಎಂ ಎರಡನೆಯ ಆವೃತ್ತಿಯಲ್ಲಿ ಮಾತಾಡತೊಡಗಿದವು. ಎರಡನೆಯ ತಕರಾರು ನಾವೇ ತಂದುಕೊಂಡದ್ದು. ಪೇಜ್‌ಮೇಕರ್ ಕಡತಗಳಲ್ಲಿನ ಚಿತ್ರಗಳ ಕೊಂಡಿ ತಪ್ಪದಿರಲೆಂದು ಹೊಸ ಸರ್ವರಿಗೆ ಹಳೆಯದರ ಹೆಸರನ್ನೇ ಇಟ್ಟಿದ್ದೆವು, ಆದ್ದರಿಂದ ಎಕ್ಸ್‌ಪಿಯ ಪ್ರೊಫೆಷನಲ್ ಆವೃತ್ತಿಯ ಎರಡು ಯಂತ್ರಗಳು ತಮ್ಮಲ್ಲಿ ಉಳಿಸಿಕೊಂಡಿದ್ದ ಹಳೆಯ ಪಾಸ್‌ವರ್ಡನ್ನು ನಮ್ಮನ್ನು ಕೇಳದೆಯೇ ಕಳುಹಿಸುತ್ತಿದ್ದವು. ಅದನ್ನು ಅಳಿಸಿದೆವು. ಹೋಮ್ ಆವೃತ್ತಿಯ ಯಂತ್ರಕ್ಕಾದರೋ ಇಂಥ ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳುವುದೇ ಗೊತ್ತಿಲ್ಲ. ಅದರಲ್ಲಿನ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡುಗಳನ್ನು ಸರ್ವರಿನಲ್ಲಿರುವಂತೆಯೇ ಇಡಬೇಕಾಯಿತು.

ವಿಂಡೋಸ್ 98 ಮಾತ್ರ ಮಣಿಯಲಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಅದು ಬಳಕೆದಾರರ ಹೆಸರನ್ನು ಕೇಳದೆ, ಐಪಿಸಿ ಡಾಲರ್ ಎಂಬ ಯಾವುದೋ ಒಂದರ ಪಾಸ್‌ವರ್ಡನ್ನು ಮಾತ್ರ ಕೇಳುತ್ತಿತ್ತು. ನಿಟುವಳ್ಳಿಯಿಂದ ಬಂದ ನಿವೃತ್ತ ಕಂಪ್ಯೂಟರ್ ಮೇಷ್ಟ್ರು ಇದನ್ನು ನೋಡಿ ನಕ್ಕರು. ಯಂತ್ರ ಶುರುವಾಗುವಾಗ ಕೊಟ್ಟ ಹೆಸರನ್ನೇ ಅದು ಸರ್ವರಿಗೂ ಹೇಳುತ್ತದೆ, ಆ ಹೆಸರು ಅಲ್ಲಿ ಇಲ್ಲದಿದ್ದರೆ ಈ ಪ್ರಶ್ನೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮವರು ಇಷ್ಟು ವರ್ಷ ಲಾಗಿನ್ ಪೆಟ್ಟಿಗೆ ಬಂದಾಗ ಎಸ್ಕೇಪ್ ಒತ್ತಿ ಒಳಹೋಗುತ್ತಿದ್ದುದನ್ನು ಅವರೆದುರು ಒಪ್ಪಿಕೊಂಡೆ. ಪಾಸ್‌ವರ್ಡುಗಳನ್ನು ಉಳಿಸಿಟ್ಟುಕೊಂಡಿದ್ದ ಹಳೆಯ ಪಿಡಬ್ಲ್ಯೂಎಲ್ ಕಡತವನ್ನು ಅಳಿಸಿದ್ದಲ್ಲದೆ, ತಮ್ಮ ಮನೆಯ ಟ್ರಂಕಿನಿಂದ ವಿಂಡೋಸ್ 2000 ಸರ್ವರ್‌ನ ಸೀಡಿಯನ್ನು ಹುಡುಕಿ ತಂದು, ಅದರಲ್ಲಿದ್ದ ಎನ್‌ಟಿಎಲ್‌ಎಂ ಎರಡನೆಯ ಆವೃತ್ತಿಯನ್ನು ವಿಂಡೋಸ್ 98ಕ್ಕೂ ಕಲಿಸುವ ಡೈರೆಕ್ಟರಿ ಸರ್ವೀಸಸ್ ಕ್ಲೈಂಟ್ ಎಂಬ ಪುಟ್ಟ ತಂತ್ರಾಂಶವನ್ನು ಅವರು ಹಾಕಿಕೊಟ್ಟರು. ಅದಿಲ್ಲದಿದ್ದರೆ ಈ ಯಂತ್ರಕ್ಕಾಗಿ ಅತಿ ಹಳೆಯ ಲ್ಯಾನ್ ಮ್ಯಾನೇಜರ್ ಪದ್ಧತಿಯನ್ನು ಸರ್ವರ್ ಒಪ್ಪಬೇಕಾಗುತ್ತಿತ್ತು. ಆ ಪದ್ಧತಿಯಲ್ಲಿ ಪಾಸ್‌ವರ್ಡಿನ ಇಂಗ್ಲಿಷ್ ಅಕ್ಷರಗಳೆಲ್ಲ ದೊಡ್ಡಕ್ಷರಗಳಾಗಿ, ಏಳೇಳು ಅಕ್ಷರಗಳ ಎರಡು ತುಂಡುಗಳಾಗುತ್ತವೆ, ಒಡೆಯುವವರಿಗೆ ಅದಕ್ಕಿಂತ ಸುಲಭದ ತುತ್ತಿಲ್ಲ. ಮೇಷ್ಟ್ರು ಹಣ ಮುಟ್ಟಲಿಲ್ಲ, ಮಂಡಕ್ಕಿ ಮೆಣಸಿನಕಾಯಿ ತಿಂದು ಹೋದರು.

ನಮ್ಮ ಡಿಟಿಪಿ ಅಕ್ಕನವರಿಗೆ ಬೇರೆಯದೇ ಋಣವಿದೆ. ಮೊದಲು ಎಲ್ಲರಿಗೂ ಒಂದೇ ಹೆಸರಿತ್ತು, ಅದರ ಪಾಸ್‌ವರ್ಡು ಮಾನಿಟರಿನ ಅಂಚಿನಲ್ಲಿ ಚೀಟಿಯಾಗಿ ಅಂಟಿಕೊಂಡಿತ್ತು. ಈಗ ಐವರಿಗೆ ಐದು ಹೆಸರುಗಳಿವೆ, ಪ್ರಶ್ನೆಪತ್ರಿಕೆಗಳ ಫೋಲ್ಡರ್ ಇಬ್ಬರಿಗೆ ಮಾತ್ರ ತೆರೆಯುತ್ತದೆ. ಬೈಂಡಿಂಗ್‌ನ ಹಿರಿಯರಿಗೂ ಬೇಸರಿಸದೆ ಇದನ್ನು ರೂಢಿ ಮಾಡಿಸಿದವರು ಅವರೇ. ಆ ಚೀಟಿಯನ್ನೂ ಅವರೇ ಕಿತ್ತರು.

ಅಶೋಕ ರಸ್ತೆಯ ಕಡೆಯ ಇನ್ನೊಂದು ಮುದ್ರಣಾಲಯದವರು ಸ್ಪರ್ಧಿಗಳಾಗಿಯೂ ರಾತ್ರಿ ಪಾಳಿಯಲ್ಲಿ ತಮ್ಮ ಕಂಪ್ಯೂಟರ್ ಬಿಟ್ಟುಕೊಟ್ಟದ್ದರಿಂದ ತೀರ ಸಮೀಪದ ಮದುವೆಗಳ ಪತ್ರಿಕೆಗಳು ತಪ್ಪಲಿಲ್ಲ. ಕಾದ ಗ್ರಾಹಕರಿಗೂ ನಾನು ಋಣಿ. ತಡವಾದ ಬಿಲ್‌ಬುಕ್ಕುಗಳು ಸಿದ್ಧವಾಗಿವೆ, ಬೆಳಿಗ್ಗೆ ಹತ್ತರ ನಂತರ ಬಂದು ಒಯ್ಯಬಹುದು. ತಡವಾದ ಕೆಲಸಕ್ಕೆ ಬಾಕಿ ಹಣದಲ್ಲಿ ಸಾಗಣೆಯ ಖರ್ಚನ್ನು ಹಿಡಿದಿಲ್ಲ.