ಖಡೇಬಜಾರಿನ ರಾತ್ರಿ ಮತ್ತು ನೀನು

ದೋಸ್ತ,

ಮಳೆ ಹಿಡಿದಿದೆ. ಬೆಳಗಾವಿ ಮಳೆ ನಿನಗೆ ಗೊತ್ತೇ ಇದೆ, ಬಂದರೆ ಹೋಗುವ ಮಾತೇ ಇಲ್ಲ. ಕಾಗದಕ್ಕೆ ಹಾಕಿದ ಜಲವರ್ಣ ತಾಸು ಕಳೆದರೂ ಒಣಗುತ್ತಿಲ್ಲ. ನನಗೆ ಅದೇ ಬೇಕಾಗಿತ್ತು.

ಖಡೇಬಜಾರಿನ ರಾತ್ರಿಯನ್ನು ಹನ್ನೊಂದನೇ ಸಲ ಬರೆದೆ. ಮೊದಲೆಲ್ಲ ರಾತ್ರಿ ಅಂದರೆ ಕಪ್ಪು ಅಂದುಕೊಂಡು ಕಪ್ಪು ಟ್ಯೂಬನ್ನೇ ಹಿಂಡುತ್ತಿದ್ದೆ. ಡಾಂಬರು ಬಳಿದ ಹಾಗೆ ಕಾಣುತ್ತಿತ್ತು. ಈಗ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬೆರೆಸುತ್ತೇನೆ. ನೀಲಿ ಜಾಸ್ತಿಯಾದರೆ ಆಕಾಶ, ಕಂದು ಜಾಸ್ತಿಯಾದರೆ ಹಳೆ ಗೋಡೆ. ದಪ್ಪನೆಯ ಒರಟು ಕಾಗದದ ಮೇಲೆ ಆ ನೀಲಿಯ ಕಣಗಳು ತಗ್ಗು ಹುಡುಕಿಕೊಂಡು ಹೋಗಿ ಕೂರುತ್ತವೆ. ಒಣಗಿದ ಮೇಲೆ ಬೆರಳಾಡಿಸಿ ನೋಡಬೇಕು ಅನಿಸುತ್ತದೆ. ಗೋಡೆಯ ಪಾಚಿಗೆ ಅಡುಗೆಮನೆ ಉಪ್ಪು. ಕಾಗದದ ಹಸಿ ಹೊಳಪು ಇನ್ನೇನು ಆರುತ್ತಿದೆ ಅನ್ನುವಾಗ ಉದುರಿಸಬೇಕು, ಆಗಲೇ ಹೂವಿನ ಹಾಗೆ ಬಿರಿಯುತ್ತದೆ. ತೊಯ್ದ ರಸ್ತೆಗೆ ಕುಂಚದ ನೀರನ್ನು ಬಟ್ಟೆಗೆ ಒತ್ತಿ ಅಡ್ಡಡ್ಡ ಎಳೆಯುತ್ತೇನೆ. ಉಬ್ಬುಗಳಿಗಷ್ಟೇ ಬಣ್ಣ ಹತ್ತುತ್ತದೆ, ನಡುವೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ನೀರಲ್ಲಿ ಮಿನುಗುವ ಬೆಳಕು ಅದೇ.

ಬೆಳಕನ್ನು ಹಾಕಲು ಹೋಗಬಾರದು, ಕಾಗದದ ಬಿಳಿಯನ್ನೇ ಬೆಳಕಾಗಿ ಬಿಡಬೇಕು. ಆಮೇಲೆ ಬಿಳಿ ಪೋಸ್ಟರ್ ಬಣ್ಣ ಇಡಬಹುದು, ಆದರೆ ಮೇಲೆ ಅಂಟಿಸಿದ ಹಾಗಿರುತ್ತದೆ. ಒಳಗಿಂದ ಉರಿಯೋದಿಲ್ಲ.

ಮೊನ್ನೆ ಅಣ್ಣನ ಮಗಳು ಹನ್ನೊಂದನ್ನೂ ನೆಲದ ಮೇಲೆ ಹರವಿ ಕೂತಿದ್ದಳು. ‘ಕಾಕಾ, ಮಂದಿ ಎಲ್ಲಿ ಹೋಗ್ಯಾರ?’ ಅಂದಳು.

ನೋಡಿದೆ. ಒಂದರಲ್ಲೂ ಒಬ್ಬ ಮನುಷ್ಯ ಇಲ್ಲ. ಕಾಲಿಡಲು ಜಾಗವಿಲ್ಲದ ಖಡೇಬಜಾರು ಕಣೋ ಅದು!

ನಾನು ಹೋಗುವುದೇ ಶಟರ್ ಎಳೆದ ಮೇಲೆ. ಆಗ ಬೆಳಕು ಚೆನ್ನಾಗಿರುತ್ತದೆ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಅದಲ್ಲ. ಎಂಟಕ್ಕೆ ಹೋದರೆ ಗುರುತಿನವರು ಸಿಗುತ್ತಾರೆ. ‘ನಿನ್ನ ಜೋಡಿ ಎಲ್ಲಿ?’ ಅಂತ ಕೇಳುತ್ತಾರೆ. ಬೆಂಗಳೂರಲ್ಲಿ ಅಂದರೆ ಮುಗಿಯಿತು, ಅಲ್ವಾ? ‘ಹೆಂಗದಾನ?’ ಅಂದರೆ ಏನು ಹೇಳಲಿ? ನೀನು ಮೂರು ಸಲ ಫೋನ್ ಮಾಡಿದೆ, ನಾನು ತಿರುಗಿ ಮಾಡಲಿಲ್ಲ. ಕೆಲಸ ಇತ್ತು ಅಂದಿದ್ದೆ. ಇರಲಿಲ್ಲ. ನಿನ್ನ ಹೊಸ ಮನೆ, ಹೊಸ ಗೆಳೆಯರ ಸುದ್ದಿ ಕೇಳಲು ಆಗುತ್ತಿರಲಿಲ್ಲ. ಹೊಟ್ಟೆಕಿಚ್ಚಲ್ಲ ಅಂತ ಬಹಳ ದಿನ ಹೇಳಿಕೊಂಡೆ. ಹೊಟ್ಟೆಕಿಚ್ಚೇ ಅದು. ನೀನು ನಾನಿಲ್ಲದೆಯೂ ಚೆನ್ನಾಗಿದ್ದೀಯಲ್ಲ ಅನ್ನುವ ಹೊಟ್ಟೆಕಿಚ್ಚು.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಊರವರೆಲ್ಲ ಓದುತ್ತಾರೆ. ಇರಲಿ ಬಿಡು.

ನಿನ್ನೆ ಹನ್ನೊಂದನೆಯ ಚಿತ್ರದಲ್ಲೇ, ಚಹಾದಂಗಡಿ ಮುಂದೆ, ನಮ್ಮಿಬ್ಬರನ್ನು ಎಬ್ಬಿಸಲು ನೋಡಿದೆ. ಒದ್ದೆ ಕುಂಚದಿಂದ ಮೆಲ್ಲಗೆ ಉಜ್ಜಿ, ಟಿಶ್ಯೂ ಒತ್ತಿ ಬಣ್ಣ ತೆಗೆಯುವುದು. ನಾನು ಸಲೀಸಾಗಿ ಬಂದೆ. ನಿನ್ನ ಹೊಟ್ಟೆಯ ಹತ್ತಿರ ಮಾತ್ರ ಕಾಗದದ ನೂಲೇ ಎದ್ದಿತು. ಅಲ್ಲಿ ಬಹಳ ಉಜ್ಜಬೇಕಾಯಿತು, ಯಾಕೆ ಅಂತ ನಿನಗೇ ಗೊತ್ತು.

ಗಣಪತಿ ಹಬ್ಬಕ್ಕೆ ಬಾ. ಕುಂದಾ ಅರ್ಧ ಕೆಜಿ, ಪೂರಾ ನಿನಗೇ. ಕೊಡೆ ಮಾತ್ರ ನೀನೇ ತರಬೇಕು. ನನ್ನ ಕೊಡೆಗೆ ಏನಾಯಿತು ಅಂತ ಇಲ್ಲಿ ಹೇಳೋದಿಲ್ಲ.

ಇಂದು ರಾತ್ರಿ ಫೋನ್ ಮಾಡುತ್ತೇನೆ. ಎತ್ತು.

ನಿನ್ನ ದೋಸ್ತ