ಅಪ್ಪಾಜಿಗೆ, ಅಲೆಕ್ಸಾಂಡ್ರಿಯಾದಿಂದ

ಅಲೆಕ್ಸಾಂಡ್ರಿಯಾ, ಈಜಿಪ್ಟ್
14 ಜೂನ್ 2024, ಶುಕ್ರವಾರ

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗ ಮಂಜು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ದಾವಣಗೆರೆಯಲ್ಲಿ ಮಳೆ ಶುರುವಾಯಿತಾ? ಅಮ್ಮನ ಮಂಡಿನೋವು ಹೇಗಿದೆ?

ಮೊನ್ನೆ ಫೋನಿನಲ್ಲಿ ಅಮ್ಮ, "ದುಡ್ಡು ಯಾಕೋ ಕಮ್ಮಿ ಬಂದಿದೆ, ಸಂಬಳ ಹಿಡಿದ್ರಾ?" ಅಂತ ಕೇಳಿದಳು. ಸಂಬಳ ಒಂದು ಪೈಸೆಯೂ ಕಡಿಮೆಯಾಗಿಲ್ಲ ಅಪ್ಪಾಜಿ. ಇಲ್ಲಿನ ದುಡ್ಡಿನ ಬೆಲೆಯೇ ಬಿದ್ದುಹೋಗಿದೆ. ಫೋನಿನಲ್ಲಿ ಬಿಡಿಸಿ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ 6ರಂದು ಇಲ್ಲಿನ ಸೆಂಟ್ರಲ್ ಬ್ಯಾಂಕು ಈಜಿಪ್ಟಿನ ಹಣವಾದ ಪೌಂಡಿನ ದರವನ್ನು ಹಿಡಿದಿಡುವುದು ಬಿಟ್ಟುಬಿಟ್ಟಿತು. ಬೆಳಿಗ್ಗೆ ಒಂದು ಡಾಲರಿಗೆ 31 ಪೌಂಡ್ ಇತ್ತು. ಅದೇ ದಿನ 50ರ ಹತ್ತಿರ ಹೋಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಈ ದೇಶಕ್ಕೆ ಒಪ್ಪಿದ ಸಾಲ 300 ಕೋಟಿ ಡಾಲರಿನಿಂದ 800 ಕೋಟಿಗೆ ಏರಿದ್ದೂ ಅವತ್ತೇ. ಮೊದಲು ನಾನು 10 ಸಾವಿರ ಪೌಂಡ್ ಕಳಿಸಿದರೆ ನಿಮಗೆ 27 ಸಾವಿರ ರೂಪಾಯಿ ಸಿಗುತ್ತಿತ್ತು. ಈಗ 17 ಸಾವಿರ ಚಿಲ್ಲರೆ.

ಪೌಂಡ್ ಹೀಗೆ ಬಿದ್ದದ್ದು ದೇಶದಲ್ಲಿ ಡಾಲರ್ ಖಾಲಿಯಾಗಿದ್ದಕ್ಕೆ. ಅದು ಯಾಕೆ ಖಾಲಿಯಾಯಿತು ಅಂದರೆ, ಈ ದೇಶ ತಿನ್ನುವ ಗೋಧಿಯನ್ನೇ ಹೊರಗಿನಿಂದ ಕೊಳ್ಳುತ್ತದೆ. ಜಾಸ್ತಿ ಬರುತ್ತಿದ್ದದ್ದು ರಷ್ಯಾ, ಉಕ್ರೇನಿನಿಂದ. 2022ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಗೋಧಿ ದುಬಾರಿಯಾಯಿತು. ವಿದೇಶಿ ಹೂಡಿಕೆದಾರರೂ ದುಡ್ಡು ಕಿತ್ತುಕೊಂಡು ಹೋದರು. ಆ ವರ್ಷ ನಮ್ಮ ಕಾರ್ಖಾನೆಯ ಬಣ್ಣ, ಮಗ್ಗದ ಬಿಡಿಭಾಗ ಬಂದರಿನಲ್ಲೇ ತಿಂಗಳುಗಟ್ಟಲೆ ಕೂತಿದ್ದವು. ಬಿಡಿಸಿಕೊಳ್ಳಲು ಬ್ಯಾಂಕಿನಲ್ಲಿ ಡಾಲರ್ ಇರಲಿಲ್ಲ. ಎರಡು ಪಾಳಿ ನಿಂತಿತು. ಮಿಲ್ಲಿನಲ್ಲಿ ಮಗ್ಗ ನಿಂತರೆ ಎದೆ ಹೇಗೆ ಹಿಡಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಈಗ ಕೆಂಪು ಸಮುದ್ರದಲ್ಲಿ ಯೆಮನ್ ದೇಶದ ಹೂತಿ ಬಂಡುಕೋರರ ದಾಳಿಗೆ ಹೆದರಿ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗುತ್ತಿವೆ. ಅದರಿಂದ ಇಲ್ಲಿಗೆ ಡಾಲರ್ ತರುವ ಸೂಯೆಜ್ ಕಾಲುವೆಯ ವರಮಾನ ಅರ್ಧದಷ್ಟು ಇಳಿದಿದೆ.

ಇದೆಲ್ಲ ಪೇಪರಿನ ಮಾತು. ನನ್ನನ್ನು ಕಾಡುತ್ತಿರುವುದು ರೊಟ್ಟಿ.

ನಮ್ಮ ಬೀದಿಯ ತುದಿಯಲ್ಲಿ ಸರ್ಕಾರಿ ದರದ ರೊಟ್ಟಿ ಭಟ್ಟಿ ಇದೆ. ನಮ್ಮ ಕೆಳಗಿನ ಮನೆಯ ಅಜ್ಜಿ ದಿನಾ ಬೆಳಿಗ್ಗೆ ಅಲ್ಲಿ ಸಾಲು ನಿಲ್ಲುತ್ತಾರೆ. ಕಿಟಕಿಯಲ್ಲಿ ಕಾರ್ಡ್ ಕೊಟ್ಟರೆ ಒಬ್ಬರಿಗೆ ದಿನಕ್ಕೆ ಐದು ರೊಟ್ಟಿ. ನಮ್ಮ ರೇಷನ್ ಕಾರ್ಡಿನ ಹಾಗೇ. ಬಿಸಿಬಿಸಿ ರೊಟ್ಟಿ ಪೂರಿಯಂತೆ ಉಬ್ಬಿರುತ್ತದೆ, ತಳಕ್ಕೆಲ್ಲ ಗೋಧಿಬೂಸ ಅಂಟಿರುತ್ತದೆ. ಹಾಗೇ ಚೀಲಕ್ಕೆ ತುಂಬಿದರೆ ಬೆವೆತು ಮೆತ್ತಗಾಗುತ್ತದೆ. ಅದಕ್ಕೆ ಅಜ್ಜಿ ಪಕ್ಕದಲ್ಲಿ ನಿಂತ ಕಾರಿನ ಬಾನೆಟ್ ಮೇಲೆ ಬಟ್ಟೆ ಹಾಸಿ ಒಂದೊಂದೇ ಹರಡುತ್ತಾರೆ. ಕಾರಿನವರು ಏನೂ ಅನ್ನಲ್ಲ. ಇಲ್ಲಿ ರೊಟ್ಟಿಗೆ 'ಐಶ್' ಅನ್ನುತ್ತಾರೆ. ಬದುಕು ಅಂತ ಅರ್ಥ.

ಈ ರೊಟ್ಟಿಯ ಬೆಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ 5 ಪಿಯಾಸ್ತರ್. ನೂರು ಪಿಯಾಸ್ತರಿಗೆ ಒಂದು ಪೌಂಡ್. 1977ರಲ್ಲಿ ಆಗಿನ ಅಧ್ಯಕ್ಷ ಸಾದತ್ ಆಹಾರದ ಸಬ್ಸಿಡಿ ಕಡಿತ ಮಾಡಲು ಹೋದಾಗ ಊರೂರಲ್ಲಿ ಗಲಭೆಯಾಗಿ, ಎರಡೇ ದಿನಕ್ಕೆ ವಾಪಸು ತೆಗೆದುಕೊಳ್ಳಬೇಕಾಯಿತು. ಆ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಬೆಲೆ ಏರಿಸುವ ಬದಲು ರೊಟ್ಟಿಯ ತೂಕ ಇಳಿಸುತ್ತಾ ಬಂದರು. 2020ರಲ್ಲಿ 110 ಗ್ರಾಂ ಇದ್ದದ್ದು 90 ಆಯಿತು. ಈ ಜೂನ್ 1ರಿಂದ ಬೆಲೆಯೂ ಏರಿತು, 20 ಪಿಯಾಸ್ತರ್. ನಮ್ಮ ಲೆಕ್ಕದಲ್ಲಿ ಮೂವತ್ತೈದು ಪೈಸೆ. ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಎಣ್ಣೆ, ಸಕ್ಕರೆ, ಬಾಡಿಗೆ ಎಲ್ಲಾ ಏರಿದಾಗ ಏರದೇ ಉಳಿದದ್ದು ಅದೊಂದೇ ಆಗಿತ್ತು.

ರೊಟ್ಟಿಗೆ ತಗಲುವ ಖರ್ಚು ಇದಕ್ಕಿಂತ ಎಷ್ಟೋ ಜಾಸ್ತಿ, ಸರ್ಕಾರದ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಸಾಲಿನಲ್ಲಿ ನಿಂತವರ ಮೇಲೆ ಭಾರ ಹಾಕಿದ್ದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಅಜ್ಜಿಗೆ ಬರುವುದು ಗಂಡನ ಪಿಂಚಣಿ ಮಾತ್ರ. ನಾಡಿದ್ದು ಬಕ್ರೀದ್, ಈ ಸಲ ಕುರಿಯ ಮಾತೇ ಇಲ್ಲ. ಹಾಗಿದ್ದೂ ನಿನ್ನೆ ಕರೆಂಟ್ ಹೋದಾಗ, ಇಲ್ಲಿ ದಿನಾ ಎರಡು ಗಂಟೆ ಹೋಗುತ್ತದೆ, ಎರಡು ಬಿಸಿ ರೊಟ್ಟಿ, ಒಂದು ಬಟ್ಟಲು ಬೇಯಿಸಿದ ಅವರೆಯಂಥ ಕಾಳು ತಂದು ನನ್ನ ಕೈಗಿಟ್ಟರು. ಬೇಡ ಅನ್ನಲು ಬಾಯಿ ಬರಲಿಲ್ಲ.

ತಾರಸಿ ಕೆಲಸ ದಸರಾ ಕಳೆದ ಮೇಲೆ ಹಿಡಿಯೋಣ. ಮೇಸ್ತ್ರಿಗೆ ಮುಂಗಡ ಕೊಡಬೇಡಿ. ತಂಗಿಯ ಕಾಲೇಜು ಫೀಸು ಮಾತ್ರ ನಿಲ್ಲಿಸಬೇಡಿ, ಅದನ್ನು ಈ ತಿಂಗಳೇ ಬೇರೆ ಕಳಿಸುತ್ತೇನೆ.

ನಿಮ್ಮ ಮಗ,
ಮಂಜು