ರಕ್ತದ ಹನಿ ಹಾಗಿರಲಿ, ಫಾರ್ಮಲಿನ್ ಎಲ್ಲಿ?

ಮಾನ್ಯ ಸಂಪಾದಕರೇ,

‘ರಕ್ತದ ಹನಿಯಲ್ಲೇ ಅನ್ನನಾಳ ಕ್ಯಾನ್ಸರ್ ಪತ್ತೆ’ ಎಂದು ಗುರುವಾರ ನೀವು ಮುಖಪುಟದಲ್ಲಿ ಹಾಕಿದ್ದೇ ಹಾಕಿದ್ದು, ನಮ್ಮ ಲ್ಯಾಬ್ ಕೌಂಟರ್‌ನಲ್ಲಿ ಕಾಲಿಡಲು ಜಾಗವಿಲ್ಲ. ಅನ್ನ ನುಂಗಲು ಕಷ್ಟಪಡುವವರಿಗೆ ಮೊದಲು ಎಂಡೋಸ್ಕೋಪಿ ಮಾಡಿಸಿ ಎಂದರೆ, ‘ಪೇಪರ್‌ನಲ್ಲೇ ಬಂದಿದೆ, ನಿಮಗೆ ಗೊತ್ತಿಲ್ಲವಾ?’ ಎಂದು ನಮಗೇ ಬೈಗುಳ. ಇಂಥ ರಕ್ತಪರೀಕ್ಷೆಯಲ್ಲಿ ಹುಡುಕುವ ಎಸ್‌ಸಿಸಿ ಆ್ಯಂಟಿಜೆನ್, ಸೈಫ್ರಾ 21-1 ಎಂಬ ಪ್ರೋಟೀನ್‌ಗಳು ರೋಗದ ಆರಂಭದಲ್ಲಿ ಬಹಳ ಜನರಲ್ಲಿ ಏರುವುದೇ ಇಲ್ಲ. ಎಸ್‌ಸಿಸಿಯಂತೂ ಕಿಡ್ನಿ ಕೆಟ್ಟವರಲ್ಲಿ, ಸೋರಿಯಾಸಿಸ್ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಈ ಎರಡು ಸಾಲಿಗೆ ನಿಮ್ಮಲ್ಲಿ ಜಾಗ ಸಾಲಲಿಲ್ಲವೇನೋ. ಜಾಹೀರಾತು ಜಾಸ್ತಿ ಇತ್ತು, ನೋಡಿದೆ.

ಇವತ್ತು ಔಷಧ ನಿರ್ಧರಿಸುವ ಪ್ರೋಟೀನ್ ಪರೀಕ್ಷೆ ನಡೆಯುವುದು ಬಯಾಪ್ಸಿ ಚೂರಿನ ಮೇಲೆ, ಅಂದರೆ ಎಂಡೋಸ್ಕೋಪಿಯಲ್ಲಿ ಗಡ್ಡೆಯಿಂದ ತೆಗೆದ ತುಣುಕಿನ ಮೇಲೆ. ಅದರ ಗತಿ ಕೇಳಿ. ಅದೇ ಸಂಜೆ ಒಂದು ಎಂಡೋಸ್ಕೋಪಿ ಕೇಂದ್ರದಿಂದ ಬಂದ ಸ್ಯಾಂಪಲ್: ಐ ಡ್ರಾಪ್ಸ್ ಬಾಟಲಿ, ಒಳಗೆ ಸಲೈನ್, ಅದರಲ್ಲಿ ಸಾಸಿವೆಯಷ್ಟು ಎರಡು ಚೂರು. ಚೀಟಿಯಲ್ಲಿ ‘ಪಿಡಿ-ಎಲ್1, ಹರ್-2, ಅರ್ಜೆಂಟ್’. ಔಷಧ ಆರಿಸಲು ನೋಡುವ ಪ್ರೋಟೀನ್‌ಗಳು ಇವೇ. ಸಲೈನ್‌ನಲ್ಲಿ ಜೀವಕೋಶ ತಾನಾಗಿಯೇ ಕರಗುತ್ತದೆ, ಪ್ರೋಟೀನ್ ಕೆಡುತ್ತದೆ, ಅದನ್ನು ತೋರಿಸಲು ನಾವು ಹಾಕುವ ಬಣ್ಣ ಹಿಡಿಯುವುದಿಲ್ಲ. ಇದ್ದದ್ದೂ ‘ನೆಗೆಟಿವ್’ ಎಂದು ಬಂದು ರೋಗಿಗೆ ಸಿಗಬೇಕಾದ ಚಿಕಿತ್ಸೆ ತಪ್ಪುತ್ತದೆ. ಆರರಿಂದ ಎಂಟು ಚೂರು ತೆಗೆದು, ಕೂಡಲೇ ಚೂರು ಕೆಡದಂತೆ ಕಾಯುವ ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ದ್ರವಕ್ಕೆ ಹಾಕಬೇಕು. ದ್ರವ ಚೂರಿನ ಹತ್ತು ಪಟ್ಟು ಇರಬೇಕು, ಅದರಲ್ಲಿ 6 ಗಂಟೆಗಿಂತ ಕಡಿಮೆ ಇಡುವುದೂ ಬೇಡ, 72 ಗಂಟೆ ದಾಟುವುದೂ ಬೇಡ. ಪಿಡಿ-ಎಲ್1 ಅಂಕ ಹಾಕಲು ಕೆಡದ ಕ್ಯಾನ್ಸರ್ ಕೋಶ ಕನಿಷ್ಠ 100 ಸಿಗಬೇಕು. ಆ ಅಂಕ 10 ಅಥವಾ ಹೆಚ್ಚಿದ್ದರೆ ಇಮ್ಯುನೋಥೆರಪಿಯಿಂದ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ) ಲಾಭ ಹೆಚ್ಚು. ಹರ್-2 ಕೇಳುವುದು ಗ್ರಂಥಿ ಕೋಶಗಳ ಕ್ಯಾನ್ಸರ್ ಆದ ಅಡಿನೋಕಾರ್ಸಿನೋಮಕ್ಕೆ. ನಮ್ಮಲ್ಲಿ ಹೆಚ್ಚು ಬರುವುದು ಅನ್ನನಾಳದ ಒಳಪದರದ ಚಪ್ಪಟೆ ಕೋಶಗಳ ಸ್ಕ್ವಾಮಸ್ ಕ್ಯಾನ್ಸರ್. ಕ್ಯಾನ್ಸರ್ ಯಾವ ಜಾತಿಯದು ಎಂದು ನೋಡುವ ಮೊದಲೇ ಎಲ್ಲ ಪರೀಕ್ಷೆ ಬರೆದರೆ ಇದ್ದ ಚೂರೂ ಮುಗಿದು, ರೋಗಿ ಮತ್ತೆ ಟ್ಯೂಬ್ ನುಂಗಬೇಕು.

ಅಧಿಕಾರಿಗಳ ವಿಷಯ ಬೇರೆಯೇ. ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು ಉದ್ಘಾಟಿಸಿದ ಸ್ಟೇನಿಂಗ್ (ಬಣ್ಣ ಹಾಕುವ) ಯಂತ್ರಕ್ಕೆ, ಈ ಪ್ರೋಟೀನ್‌ಗಳನ್ನು ಗುರುತಿಸುವ ಆ್ಯಂಟಿಬಾಡಿಗಳ ಖರೀದಿ ಇನ್ನೂ ‘ಪರಿಶೀಲನೆಯಲ್ಲಿದೆ’. ಹಾಗಾಗಿ ಚೂರುಗಳನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್‌ಗಳು ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗುತ್ತವೆ, ದುಡ್ಡು ರೋಗಿಯದು. ಕರೆಂಟು ಹೋದರೆ ರೀಏಜೆಂಟ್ ಫ್ರಿಜ್‌ಗೆ ಜನರೇಟರ್ ಇಲ್ಲ, ಸಾಹೇಬರ ಎಸಿಗೆ ಇದೆ.

ನೀವು ಸ್ಪಷ್ಟೀಕರಣ ಹಾಕಿ, ಇಲಾಖೆಯವರು ಎಲ್ಲ ಎಂಡೋಸ್ಕೋಪಿ ಕೊಠಡಿಗಳಿಗೂ ಫಾರ್ಮಲಿನ್ ತುಂಬಿದ ಬಾಟಲಿ ಕೊಡಲಿ, ಇಲ್ಲವೇ ಏನಾದರೂ ಒಂದು ಕ್ರಮ ಕೈಗೊಳ್ಳಲಿ. ಇನ್ನೊಂದು ಸುತ್ತೋಲೆ ಮಾತ್ರ ಬೇಡ. ಹೋದ ಸಲದ್ದನ್ನೇ ಯಾರೂ ಓದಿಲ್ಲ, ಸಹಿ ಹಾಕಿದವರೂ ಸೇರಿ.

– ಪೆಥಾಲಜಿ ಲ್ಯಾಬ್ ಸಿಬ್ಬಂದಿ (ಹೆಸರು ಹಾಕಬೇಡಿ)